ಗೋಮುಖ ಸೈಟಿನ ಓರೆ ಹಾಲ್: ಸೋಫಾ, ಟಿವಿ, ಊಟದ ಟೇಬಲ್ ಎಲ್ಲಿ?

ಕ್ಯಾತ್ಸಂದ್ರ_ಮನೆ (ಪ್ರಶ್ನೆ)

ತುಮಕೂರು, ಕ್ಯಾತ್ಸಂದ್ರದ ಕಡೆ. ಪೂರ್ವಕ್ಕೆ ಮುಖ ಇರೋ ಗೋಮುಖ ಸೈಟು: ರಸ್ತೆ ಕಡೆ ಕಿರಿದು, ಹಿಂದೆ ಅಗಲ. ದಕ್ಷಿಣದ ಗೋಡೆಯನ್ನ ಸೈಟಿನ ಗಡಿ ಹಿಡಿದು ಎಬ್ಬಿಸಿರೋದರಿಂದ ಹಾಲ್ ಕೂಡ ಅದೇ ಆಕಾರಕ್ಕೆ ಬಂದಿದೆ. ಅಳತೆಗಳೆಲ್ಲಾ ಒಳಗಿನವು.

ಉದ್ದ 22 ಅಡಿ. ಪೂರ್ವದ ಗೋಡೆ 8 ಅಡಿ 9 ಇಂಚು, ಪಶ್ಚಿಮದ್ದು 11 ಅಡಿ 6 ಇಂಚು. ಉತ್ತರದ ಗೋಡೆ ನೇರ, ದಕ್ಷಿಣದ್ದು ಓರೆ. ಎತ್ತರ 10 ಅಡಿ. ಮುಂಬಾಗಿಲು ಪೂರ್ವ ಗೋಡೆಯಲ್ಲಿ ಉತ್ತರದ ಮೂಲೆಗೆ, ಅದರ ಪಕ್ಕ ಮೂರೂವರೆ ಅಡಿ ಕಿಟಕಿ. ಉತ್ತರ ಗೋಡೆಯಲ್ಲಿ, ಪೂರ್ವದ ಮೂಲೆಯಿಂದ ಲೆಕ್ಕ ಹಾಕಿದರೆ, ನಾಲ್ಕೂವರೆಯಿಂದ ಏಳೂವರೆ ಅಡಿವರೆಗೆ ರೂಮಿನ ಬಾಗಿಲು, 17ರಿಂದ ಹತ್ತೊಂಬತ್ತೂವರೆವರೆಗೆ ದೇವರಮನೆ ಬಾಗಿಲು. ಪಶ್ಚಿಮದಲ್ಲಿ ಅಡುಗೆಮನೆಗೆ ಬಾಗಿಲಿಲ್ಲದ ಮೂರೂವರೆ ಅಡಿ ದಾರಿ, ಉತ್ತರದ ಮೂಲೆಯಿಂದ 1 ಅಡಿ ಬಿಟ್ಟು. ಓರೆ ಗೋಡೆಯಲ್ಲಿ 4ರಿಂದ 9 ಅಡಿವರೆಗೆ ಕಿಟಕಿ, 12ನೇ ಅಡಿಗೆ ಒಂದು ಪಿಲ್ಲರ್. 15 ಇಂಚು ಅಗಲ, ಗೋಡೆಯಿಂದ 9 ಇಂಚು ಹೊರಗೆ ಬಂದಿದೆ.

43 ಇಂಚಿನ ಟಿವಿ ಇದೆ. ಸೋಫಾ ಇನ್ನೂ ತಗೊಂಡಿಲ್ಲ. ಮನೆಯಲ್ಲಿ ಎಲ್ಲರಿಗೂ ಎಲ್ ಆಕಾರದ್ದೇ ಬೇಕು. ಊಟದ ಟೇಬಲ್ ಬೇಕು, ನಾಲ್ಕು ಜನಕ್ಕೆ. ವರಮಹಾಲಕ್ಷ್ಮಿ ಹಬ್ಬ, ಗೌರಿ-ಗಣೇಶಕ್ಕೆ ನೆಲದ ಮೇಲೆ ಹದಿನೈದಿಪ್ಪತ್ತು ಜನ ಕೂರೋ ಹಾಗೆ ಜಾಗ ಉಳೀಬೇಕು. ದಸರಾ ಗೊಂಬೆ ಪೆಟ್ಟಿಗೆಗಳು, ಹಾಸಿಗೆ-ಹೊದಿಕೆ ಇಡೋಕೆ ಬೀರು ಥರ ಏನಾದರೂ ಬೇಕು. ಮರಗೆಲಸದವರು ಓರೆ ಗೋಡೆ ಉದ್ದಕ್ಕೂ ವಾಲ್ ಪ್ಯಾನೆಲ್ ಹೊಡೆದು ಪಿಲ್ಲರ್‌ಗೆ ಕನ್ನಡಿ ಹಾಕೋಣ, ಮೇಲೆ ಫಾಲ್ಸ್ ಸೀಲಿಂಗ್ ಮಾಡೋಣ ಅಂತಿದ್ದಾರೆ. ಒಪ್ಪಬೇಕಾ?

---

ಅಳತೆಪಟ್ಟಿ

ಇನ್ನೂ ಒಪ್ಪಬೇಡಿ. ಅಳತೆ ಇಷ್ಟು ಚೊಕ್ಕವಾಗಿ ಕೊಟ್ಟಿರೋದರಿಂದ ಲೆಕ್ಕ ಹಾಕಿ ಹೇಳಬಹುದು.

22 ಅಡಿ ಉದ್ದಕ್ಕೆ ಅಗಲದಲ್ಲಿ 33 ಇಂಚು ವ್ಯತ್ಯಾಸ. ಅಂದ್ರೆ ಪ್ರತಿ ಅಡಿಗೆ ಒಂದೂವರೆ ಇಂಚು ಓರೆ, ಸುಮಾರು 7 ಡಿಗ್ರಿ. ಇದು ತುಂಬಾ ತೊಂದರೆ ಕೊಡೋ ಕೋನ. 30 ಡಿಗ್ರಿ ಇದ್ದಿದ್ದರೆ ಬೇಕಂತಲೇ ಮಾಡಿದ ವಿನ್ಯಾಸ ಅನ್ನಿಸ್ತಿತ್ತು. 7 ಡಿಗ್ರಿ ಅಂದ್ರೆ ನೋಡಿದವರಿಗೆ "ಸೋಫಾ ಸರಿದಿದೆ, ಸ್ವಲ್ಪ ತಳ್ಳಿ" ಅನ್ನಿಸುತ್ತೆ. ಹಾಗಾಗಿ ಒಂದೇ ನಿಯಮ ಇಟ್ಟುಕೊಳ್ಳಿ: ನೆಲದ ಮೇಲೆ ಕೂರೋ ಪ್ರತಿಯೊಂದು ವಸ್ತುವಿನ ಮುಂಭಾಗ ಉತ್ತರದ ಗೋಡೆಗೆ ಸಮಾನಾಂತರ ಇರಲಿ. ಓರೆ ಏನಿದ್ದರೂ ವಸ್ತುವಿನ ಬೆನ್ನಿಗೆ ಹೋಗಲಿ.

ನಿಮ್ಮ ಪಿಲ್ಲರ್ ಶಾಪ ಅಲ್ಲ, ಅದೇ ದಾರಿ ತೋರಿಸುತ್ತೆ. ಅದರ ಮುಂದಿನ ಅಂಚಿನಿಂದ ಪಶ್ಚಿಮದ ಗೋಡೆವರೆಗೆ 10 ಅಡಿ ಉದ್ದದ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯ ಹಿಂದೆ ಪಿಲ್ಲರ್ ಹತ್ತಿರ 9 ಇಂಚು, ಪಶ್ಚಿಮದ ತುದಿಯಲ್ಲಿ 24 ಇಂಚು ಆಳ ಸಿಗುತ್ತೆ. ಗೆರೆ ಮುಂದೆ ಉಳಿಯೋದು 10 ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲದ ಪಕ್ಕಾ ಆಯತ. ಹಾಲಿನ ಹಿಂದಿನ ಅರ್ಧ ಅಲ್ಲಿಗೆ ನೇರ ಆಯಿತು. ಬೀರು ಬೇಕು ಅಂದಿದ್ದೀರಲ್ಲ, ಆ 9ರಿಂದ 24 ಇಂಚಿನ ಜಾಗವೇ ಬೀರು. 9 ಇಂಚಿನ ಕಡೆ ಟಿವಿ, 24ರ ಕಡೆ ಹಾಸಿಗೆ ಮತ್ತು ಗೊಂಬೆ ಪೆಟ್ಟಿಗೆ.

ಸೋಫಾ ಉತ್ತರದ ಗೋಡೆಗೆ. ಎರಡು ಬಾಗಿಲ ಮಧ್ಯೆ ಒಂಬತ್ತೂವರೆ ಅಡಿ ಖಾಲಿ ಗೋಡೆ ಇದೆ. ಆರೂವರೆ ಅಡಿಯ ಮೂರು ಸೀಟಿನದು ತಗೊಂಡು 10ನೇ ಅಡಿಯಿಂದ ಹದಿನಾರೂವರೆವರೆಗೆ ಇಡಿ. ದೇವರಮನೆ ಚೌಕಟ್ಟಿಗೆ ಅರ್ಧ ಅಡಿ ಬಿಟ್ಟ ಹಾಗಾಗುತ್ತೆ. ಸೋಫಾ ಆಳ 32 ಇಂಚು ದಾಟದಿರಲಿ. ಈಗ ಬರೋ ಬಹಳಷ್ಟು ಸೋಫಾ 36-38 ಇಂಚು ಇರುತ್ತೆ, ಅಂಗಡಿಗೆ ಟೇಪು ತಗೊಂಡು ಹೋಗಿ. ಒಂಬತ್ತೂವರೆ ಅಡಿಯಲ್ಲಿ 32 ಇಂಚು ಕಳೆದರೆ 82 ಉಳೀತು. ಮಂಡಿಗೂ ಟೀಪಾಯಿಗೂ 14, ಟೀಪಾಯಿ 18, ಉಳಿದ 50 ಇಂಚು ಓಡಾಡೋ ದಾರಿ. ಇಬ್ಬರು ಎದುರುಬದುರು ಬಂದರೂ ಸಾಕು. ಕಣ್ಣಿಂದ ಟಿವಿಗೆ ಹತ್ತಿರಹತ್ತಿರ ಏಳೂವರೆ ಅಡಿ. 43 ಇಂಚಿಗೆ ಇದು ಸರಿಯಾದ ದೂರ, ನಾಳೆ 50 ಇಂಚಿನದು ತಂದರೂ ನಡೆಯುತ್ತೆ.

ಎಲ್ ಸೋಫಾ ಬೇಡ ಅಂತ ಒತ್ತಿ ಹೇಳ್ತೀನಿ. ಅದರ ಕಿರುಗಾಲು ಗೋಡೆಯಿಂದ 5 ಅಡಿ ಮುಂದೆ ಬರುತ್ತೆ. 10ನೇ ಅಡಿಯಲ್ಲಿ ಹಾಲಿನ ಅಗಲವೇ 10 ಅಡಿ. ಅಲ್ಲಿಗೆ ಹಾಲು ಎರಡು ತುಂಡಾಗುತ್ತೆ, ಹಬ್ಬಕ್ಕೆ ಚಾಪೆ ಹಾಸೋಕೆ ಅಂತ ಅದನ್ನ ಎತ್ತಿಡೋಕೆ ಆಗಲ್ಲ. ಮೂರು ಸೀಟಿನ ಸೋಫಾ, ಎರಡು ಹಗುರವಾದ ಕುರ್ಚಿ, ಕಿಟಕಿ ಕೆಳಗೆ ಒಂದು ಕಟ್ಟೆ: ಎಲ್ ಸೋಫಾಗಿಂತ ಹೆಚ್ಚು ಜನ ಕೂರ್ತಾರೆ.

ಆ ಕಟ್ಟೆ ವಿಷಯ. ಅಲ್ಲಿ ರೆಡಿಮೇಡ್ ದಿವಾನ ಇಡಬೇಡಿ. 6 ಅಡಿ ದಿವಾನ ಓರೆ ಗೋಡೆಗೆ ಅಂಟಿಸಿದರೆ ಒಂದು ತುದಿ ಇನ್ನೊಂದಕ್ಕಿಂತ 9 ಇಂಚು ಹಾಲಿನೊಳಗೆ ಬಂದಿರುತ್ತೆ. ನೇರ ಇಟ್ಟರೆ ಹಿಂದೆ 9 ಇಂಚಿನ ತ್ರಿಕೋನದ ಸಂದು, ಕಸ ಮತ್ತು ಜಿರಳೆಗೆ. ಮೂರೂವರೆಯಿಂದ ಒಂಬತ್ತೂವರೆ ಅಡಿವರೆಗೆ ಮರದ ಕಟ್ಟೆ ಮಾಡಿಸಿ, ಮುಂಭಾಗ ನೇರ, ಪೂರ್ವದ ತುದಿಯಲ್ಲಿ 18 ಇಂಚು ಆಳ, ಪಶ್ಚಿಮದ ತುದಿಯಲ್ಲಿ 27. ಎತ್ತರ 14 ಇಂಚು, ಮೇಲೆ 4 ಇಂಚಿನ 40 ಡೆನ್ಸಿಟಿ ಫೋಮ್. ಫೋಮ್ ಕತ್ತರಿಸೋರಿಗೆ ಅಳತೆ ಬರೆದು ಕೊಡಬೇಡಿ, ಕಟ್ಟೆ ಮೇಲೆ ನ್ಯೂಸ್‌ಪೇಪರ್ ಹಾಸಿ ಅಂಟಿಸಿ ಕತ್ತರಿಸಿದ ನಕಲು ಕೊಡಿ. ಬರೆದು ಕೊಟ್ಟರೆ ಎಡ-ಬಲ ತಿರುವುಮುರುವಾಗಿ ಬರುತ್ತೆ, ಓರೆ ಆಕಾರದ ದಿಂಬನ್ನ ಮಗುಚಿ ಹಾಕಿದರೆ ಜಿಪ್ ಮೇಲೆ ಬರುತ್ತೆ.

ಯಾವುದಕ್ಕೂ ಮುಂಚೆ ಒಂದು ಪರೀಕ್ಷೆ. ಉತ್ತರದ ಗೋಡೆ ನಿಜವಾಗಿ ನೇರವಾ, ಪೂರ್ವದ ಗೋಡೆಗೆ ಮೂಲಮಟ್ಟದಲ್ಲಿ, ಅಂದ್ರೆ 90 ಡಿಗ್ರಿಗೆ ಇದೆಯಾ ನೋಡಿ. ಮೂಲೆಯಿಂದ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬರಬೇಕು. ಆಮೇಲೆ ಅಗಲವನ್ನ ನೆಲದ ಹತ್ತಿರ, 3 ಅಡಿ ಎತ್ತರದಲ್ಲಿ, 7 ಅಡಿ ಎತ್ತರದಲ್ಲಿ ಮೂರೂ ಕಡೆ ಅಳೀರಿ. ಗಾರೆ ಗೋಡೆ ಅರ್ಧ ಇಂಚು ಆಚೀಚೆ ಇರೋದು ಮಾಮೂಲು. ಬೀರು ಮಾಡೋವಾಗ ಮೂರರಲ್ಲಿ ಚಿಕ್ಕ ಅಳತೆಯೇ ಲೆಕ್ಕಕ್ಕೆ.

---

ಉಳಿಬಾಚಿ

ಮೇಲಿನವರ ಗೆರೆ ಸರಿ. ಮರಗೆಲಸದ ಕಡೆಯಿಂದ ಕೆಲವು ತಿದ್ದುಪಡಿ.

ಒಂದು. ಪಿಲ್ಲರ್ ಮುಖ ಕೂಡ ಓರೆ ಗೋಡೆಗೇ ಸಮಾನಾಂತರ ಇರುತ್ತೆ. 15 ಇಂಚು ಅಗಲಕ್ಕೆ ಹೆಚ್ಚುಕಮ್ಮಿ 2 ಇಂಚು ಓರೆ. ಹಾಗಾಗಿ ಗೆರೆ ಶುರುವಾಗಬೇಕಾದ್ದು ಪಿಲ್ಲರ್‌ನ ಪೂರ್ವದ ಅಂಚಿಂದ, ಅದೇ ಹೆಚ್ಚು ಮುಂದೆ ಬಂದಿರೋದು. ಪಶ್ಚಿಮದ ಅಂಚಲ್ಲಿ 2 ಇಂಚು ಸಂದು ಉಳಿಯುತ್ತೆ. ಟಿವಿ ಪ್ಯಾನೆಲ್‌ನ ಪಿಲ್ಲರ್ ಮೇಲಿಂದಲೇ ಹಾಯಿಸಿ: 12ರಿಂದ 16 ಅಡಿ, ಹಿಂದೆ ಮರದ ರೀಪು ಹೊಡೆದು 12 ಎಂಎಂ ಪ್ಲೈ. ಪಿಲ್ಲರ್ ಮಾಯ. ಕನ್ನಡಿ ಗಿನ್ನಡಿ ಏನೂ ಬೇಡ.

ಎರಡು. ಬೀರಿನ ಒಳಭಾಗವನ್ನೂ ಗೋಡೆ ಥರ ಓರೆಯಾಗಿ ಕತ್ತರಿಸೋಕೆ ಹೋಗಬೇಡಿ. ನೋಡೋಕೆ ಜಾಣತನ, ಆದರೆ ಪ್ರತಿ ಹಲಗೆಯೂ ಬೇರೆ ಅಳತೆ, ಪ್ಲೈ ಹಾಳು, ಡ್ರಾಯರ್ ಚಾನೆಲ್ ಕೂರಲ್ಲ. ಮೂರು ಚೌಕ ಪೆಟ್ಟಿಗೆ ಮಾಡಿ, ತಲಾ ಹತ್ತಿರಹತ್ತಿರ 2 ಅಡಿ ಅಗಲ, 7 ಅಡಿ ಎತ್ತರ. 16ನೇ ಅಡಿಯಲ್ಲಿ ಸಿಗೋ ಆಳ 15 ಇಂಚು, 18ರಲ್ಲಿ 18, 20ರಲ್ಲಿ 21. ಒಂದೊಂದು ಇಂಚು ಗಾಳಿಗೆ ಬಿಟ್ಟು 14, 17, 20 ಇಂಚು ಆಳದ ಪೆಟ್ಟಿಗೆ. ಮುಂಭಾಗ ಮೂರೂ ಒಂದೇ ಗೆರೆ, ಹಿಂಭಾಗ ಮೆಟ್ಟಿಲಿನ ಥರ. ಪ್ರತಿ ಪೆಟ್ಟಿಗೆ ಹಿಂದೆ ಉಳಿಯೋ ತ್ರಿಕೋನ ಮೂರೋ ನಾಲ್ಕೋ ಇಂಚು, ಅದು ಹೋದರೆ ಹೋಗಲಿ. ಚಾನೆಲ್ ಕ್ರಮವಾಗಿ 12, 16, 18 ಇಂಚಿನವು ಸಲೀಸಾಗಿ ಕೂರುತ್ತೆ. ಪ್ರತಿ ಪೆಟ್ಟಿಗೆಗೂ ಸ್ವಂತ ಪಕ್ಕದ ಹಲಗೆ ಇರೋದರಿಂದ ಎಲ್ಲಾ ಬಾಗಿಲಿಗೂ ಸೊನ್ನೆ ಕ್ರ್ಯಾಂಕ್ ಹಿಂಜೇ (ಬಾಗಿಲು ಪಕ್ಕದ ಹಲಗೆಯನ್ನ ಪೂರ್ತಿ ಮುಚ್ಚೋ ಥರದ್ದು) ಸಾಕು, 8ರದು 15ರದು ಬೆರೆಸಿ ಗೊಂದಲ ಆಗಲ್ಲ.

ಟಿವಿ ಕೆಳಗಿನ ಪೆಟ್ಟಿಗೆ ಪಿಲ್ಲರ್ ದಾಟಿದ ಮೇಲೆ ಶುರು, 2 ಅಡಿ 9 ಇಂಚು ಉದ್ದ, 10 ಇಂಚು ಆಳ, 20 ಇಂಚು ಎತ್ತರ. ಸೆಟ್‌ಟಾಪ್ ಬಾಕ್ಸು, ರೌಟರ್‌ಗೆ ಅಷ್ಟು ಸಾಕು. ಟಿವಿಯ ನಡುಮಧ್ಯ ನೆಲದಿಂದ 42 ಇಂಚಿಗೆ ಬರಲಿ. ಮದುವೆ ಮನೆ ಫೋಟೋ ಥರ ಐದಡಿ ಮೇಲೆ ನೇತುಹಾಕಿ ಕತ್ತು ನೋಯಿಸಿಕೊಳ್ಳಬೇಡಿ.

ಪ್ಲೈ ಲೆಕ್ಕ: 18 ಎಂಎಂ 8×4ರದು ಆರು ಶೀಟು ಬಿಗಿಯಾಗಿ ಸಾಲುತ್ತೆ, ಬೆನ್ನಿಗೆ 6 ಎಂಎಂ ಎರಡು, ಪ್ಯಾನೆಲ್‌ಗೆ 12 ಎಂಎಂ ಒಂದು. ಕಿಟಕಿ ಕಟ್ಟೆ ಬೇರೆ, ಅದಕ್ಕೆ ಇನ್ನೂ ಎರಡು ಶೀಟು. ಕೆಳಗಿನ ಹಲಗೆ ಮತ್ತು ಕಟ್ಟೆಗೆ ಐಎಸ್ 710 ಗುರುತು ಇರೋದು (ಮರೈನ್ ಪ್ಲೈ), ಉಳಿದದ್ದಕ್ಕೆ ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿನೀರು ತಡೆಯೋ) ದರ್ಜೆ. ಶೀಟಿನ ಮೇಲೆ ಗುರುತು ಅಚ್ಚಾಗಿರಬೇಕು, ಬಿಲ್ಲಿನಲ್ಲಿ ಮಾತ್ರ ಇದ್ದರೆ ಪ್ರಯೋಜನ ಇಲ್ಲ. ಹೊರಗೆ 1 ಎಂಎಂ ಸನ್‌ಮೈಕಾ ಅಂಟಿಸಿದ ಬಾಗಿಲಿಗೆ ಒಳಗೂ 0.8 ಎಂಎಂ ಅಂಟಿಸಲೇಬೇಕು. ಒಂದೇ ಕಡೆ ಅಂಟಿಸಿ ಇನ್ನೊಂದು ಕಡೆ ಬಣ್ಣ ಹೊಡೆದರೆ ಬೇಸಿಗೆ ಕಳೆಯೋದರೊಳಗೆ 7 ಅಡಿ ಬಾಗಿಲು ಬಿಲ್ಲಿನ ಹಾಗೆ ಬಾಗುತ್ತೆ.

ಬೀರು ನೆಲಕ್ಕೆ ಕೂರಿಸಬೇಡಿ. 4 ಇಂಚಿನ ಪಿವಿಸಿ ಕಾಲು ಕೊಟ್ಟು ಮುಂದೆ ಪಟ್ಟಿ ಸಿಕ್ಕಿಸಿ. ನೆಲ ಒರೆಸೋ ನೀರು, ಗೆದ್ದಲು ಎರಡೂ ಕೆಳಗಿಂದಲೇ ಬರೋದು. ಪಟ್ಟಿ ಕಿತ್ತು ಬ್ಯಾಟರಿ ಬಿಟ್ಟು ನೋಡೋಕೆ ಬರಬೇಕು.

ಪಶ್ಚಿಮದ ಗೋಡೆ ಸೇರೋ ಕಡೆ 2 ಇಂಚು ಫಿಲ್ಲರ್ ಪಟ್ಟಿ ಮರೀಬೇಡಿ. ಅದಿಲ್ಲದಿದ್ದರೆ ಕೊನೆ ಬಾಗಿಲಿನ ಹಿಡಿ ಗೋಡೆಗೆ ಬಡಿದು ಬಾಗಿಲು ಪೂರ್ತಿ ತೆರೆಯಲ್ಲ, ಒಳಗಿನ ಡ್ರಾಯರ್ ಹೊರಗೆ ಬರಲ್ಲ.

---

ಕ್ಯಾತ್ಸಂದ್ರ_ಮನೆ

ಮೂಲಮಟ್ಟ ನೋಡಿದ್ವಿ, 10 ಅಡಿಗೆ ಕಾಲು ಇಂಚು ಕಡಿಮೆ ಬಂತು. ಪರವಾಗಿಲ್ಲ ಅಂದ್ಕೊಳ್ತೀನಿ. ಊಟದ ಟೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಕಿಟಕಿ ಕಟ್ಟೆ ಮುಂದೆ ಹಾಕಿದರೆ ಕಟ್ಟೆಯೇ ಬೆಂಚ್ ಆಗುತ್ತಲ್ಲ? ಇನ್ನೊಂದು: ಓರೆ ಗೋಡೆಯಾಚೆ 3 ಅಡಿಗೆ ಪಕ್ಕದ ಮನೆ. ಪಿಲ್ಲರ್ ಆಚೆಗಿನ ಭಾಗದಲ್ಲಿ ನೆಲದಿಂದ ಒಂದೆರಡು ಅಡಿ ಪೇಂಟು ಪುಡಿಪುಡಿ ಉದುರುತ್ತೆ. ಬೀರು ಅಲ್ಲೇ ಬರೋದು.

---

ಉಳಿಬಾಚಿ

ಹಾಗಿದ್ದರೆ ಬೀರಿನ ಕೆಲಸ ನಿಲ್ಲಿಸಿ. ಮೊದಲು ಗೋಡೆ.

2 ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನ ಆ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿಂದ ಬರ್ತಿದೆ. ಹಾಲಿನ ಕಡೆ ಹನಿ ಇದ್ದರೆ ಒಳಗಿನ ಗಾಳಿಯ ತೇವ, ಚಿಂತೆ ಕಡಿಮೆ. ಪುಡಿ ಉದುರುತ್ತೆ ಅಂದಿರೋದು ನೋಡಿದರೆ ಮೊದಲನೆಯದೇ ಇರಬೇಕು. ಗೋಡೆಯಲ್ಲಿರೋ ಉಪ್ಪು ನೀರಿನ ಜೊತೆ ಹೊರಬಂದು ಪುಟ್ಟಿಯನ್ನ ತಳ್ಳುತ್ತೆ.

3 ಅಡಿ ಸಂದಿಗೆ ಹೋಗಿ ಹೊರಗೋಡೆ ನೋಡಿ. ಇಂಥ ಸಂದುಗಳಲ್ಲಿ ಹೊರಗಾರೆ ಬಿಟ್ಟಿರ್ತಾರೆ, ಇಲ್ಲವೇ ಮಳೆನೀರು ಹರಿದುಹೋಗೋಕೆ ಇಳಿಜಾರು ಇರಲ್ಲ, ಇಲ್ಲವೇ ಅಡುಗೆಮನೆ ಪೈಪು ಜಿನುಗ್ತಿರುತ್ತೆ. ಅಲ್ಲಿ ಸರಿ ಮಾಡದೆ ಒಳಗೆ ವಾಟರ್‌ಪ್ರೂಫ್ ಪೇಂಟ್ ಬಳಿದರೆ ನೀರು ಇನ್ನೊಂದಡಿ ಮೇಲೆ ಹತ್ತಿ ಬೇರೆ ಕಡೆ ಹೊರಬರುತ್ತೆ, ಅಷ್ಟೆ. ಹೊರಗೆ ಸರಿಯಾದ ಮೇಲೆ ಒಳಗಾರೆಯನ್ನ ಕಲೆ ಇರೋದಕ್ಕಿಂತ 1 ಅಡಿ ಮೇಲಿನವರೆಗೂ ಕೆತ್ತಿ, ಸಿಮೆಂಟಿಗೆ ವಾಟರ್‌ಪ್ರೂಫ್ ದ್ರಾವಣ ಬೆರೆಸಿ ಹೊಸ ಗಾರೆ ಹಾಕಿಸಿ. ಆ ಗಾರೆ ಒಣಗೋಕೆ ಕನಿಷ್ಠ ಮೂರ್ನಾಲ್ಕು ವಾರ. ತುಮಕೂರಿನ ಕಡೆ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಬರೋದು. ಆದ್ದರಿಂದ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಈ ಕೆಲಸ ಆದರೆ ಒಳ್ಳೇದು, ಒಣಹವೆಗೆ ಬೇಗ ಆರುತ್ತೆ.

ಚೌಕ ಪೆಟ್ಟಿಗೆ ಮಾಡಿ ಹಿಂದೆ ಸಂದು ಬಿಡಿ ಅಂದಿದ್ದಕ್ಕೆ ಇದೂ ಒಂದು ಕಾರಣ. ಬೀರಿನ ಮೇಲ್ತುದಿ ಮುಚ್ಚಬೇಡಿ, ಕೆಳಪಟ್ಟಿಗೆ ಎರಡು ಜಾಲರಿ ಕೊಡಿ. ಹಿಂದೆ ಗಾಳಿ ಕೆಳಗಿಂದ ಮೇಲೆ ಹರೀತಾ ಇರಬೇಕು. ಇಡೀ ಗೋಡೆಗೆ ವಾಲ್ ಪ್ಯಾನೆಲ್ ಹೊಡೆಯೋಣ ಅಂದವರು ಈ ಪುಡಿ ನೋಡಿದ್ದಾರೋ ಇಲ್ಲವೋ.

---

ಬೆಳಕಿಂಡಿ

ಊಟದ ಟೇಬಲ್ ಕಿಟಕಿ ಹತ್ತಿರ ಬೇಡ. ಅಡುಗೆಮನೆಯಿಂದ ಅಲ್ಲಿಗೆ ಹದಿನಾಲ್ಕು ಹದಿನೈದು ಅಡಿ, ಸಾರಿನ ಪಾತ್ರೆ ಹಿಡಿದು ಟಿವಿ ಮುಂದೆ ಹಾಯ್ದು ಬರಬೇಕು. ಅಂಥ ಕಡೆ ಇಟ್ಟ ಟೇಬಲ್ ಇಸ್ತ್ರಿ ಬಟ್ಟೆ, ಮಕ್ಕಳ ಪುಸ್ತಕ, ಕರೆಂಟ್ ಬಿಲ್ಲಿಗೆ ಮೀಸಲಾಗುತ್ತೆ. ಊಟ ಸೋಫಾ ಮೇಲೆ ನಡೆಯುತ್ತೆ. ಕಟ್ಟೆ ಆಳವೂ ಅಡ್ಡಿ. 27 ಇಂಚು ಆಳದ ಕಡೆ ಕೂತವರಿಗೆ ಬೆನ್ನಿಗೆ ದಿಂಬು ಕೊಡದೆ ತಟ್ಟೆ ಎಟುಕಲ್ಲ.

ಪಶ್ಚಿಮದ ಗೋಡೆ ನೋಡಿ. ಅಡುಗೆಮನೆ ದಾರಿ ನಾಲ್ಕೂವರೆ ಅಡಿಗೆ ಮುಗೀತು, ಬೀರಿನ ಮುಖ ಒಂಬತ್ತೂವರೆಗೆ. ಮಧ್ಯೆ 5 ಅಡಿ ಖಾಲಿ ಗೋಡೆ. ಅಲ್ಲಿ ಮಡಚೋ ಟೇಬಲ್ ಹಾಕಿಸಿ: ಗೋಡೆಗೆ 10 ಇಂಚಿನ ಸ್ಥಿರ ಹಲಗೆ, ಅದಕ್ಕೆ ಹಿಂಜಿನಿಂದ 20 ಇಂಚಿನ ರೆಕ್ಕೆ. ಎತ್ತರ 30 ಇಂಚು. ಎತ್ತಿದಾಗ ಎರಡೂವರೆ ಅಡಿ ಅಗಲ, ಇಳಿಸಿದಾಗ 10 ಇಂಚು. ಉದ್ದ 4 ಅಡಿ ಮಾಡಿಸೋ ಆಸೆ ಬರುತ್ತೆ, ಮಾಡಿಸಬೇಡಿ. ಬೀರಿನ ಕೊನೆ ಪೆಟ್ಟಿಗೆಗೆ 1 ಅಡಿಯ ಎರಡು ಬಾಗಿಲು. ಅವು ತೆರೆಯೋಕೆ ಮುಂದೆ 1 ಅಡಿ ಬೇಕು. ಟೇಬಲ್ 4 ಅಡಿ 9 ಇಂಚಿಗೆ ಶುರುವಾಗಿ 8 ಅಡಿ 3 ಇಂಚಿಗೆ ನಿಂತರೆ, ಅಂದ್ರೆ ಮೂರೂವರೆ ಅಡಿ ಉದ್ದ ಇದ್ದರೆ, 15 ಇಂಚು ಉಳಿದು ಬಾಗಿಲು ಆರಾಮಾಗಿ ತೆರೆಯುತ್ತೆ. ಮುಂದೆ ಇಬ್ಬರು, ತುದಿಗೆ ಒಬ್ಬೊಬ್ಬರು, ಒಟ್ಟು ನಾಲ್ಕು. ಅಡುಗೆಮನೆ ಕಡೆ ತುದಿಯಲ್ಲಿ ಕೂತವರು ದಾರಿಗೆ ಅಡ್ಡ ಆಗ್ತಾರೆ, ಅಲ್ಲಿಗೆ ಒಳಗೆ ತಳ್ಳೋ ಸ್ಟೂಲ್ ಇರಲಿ.

ರೆಕ್ಕೆಗೆ ಮಡಚೋ ಬ್ರ್ಯಾಕೆಟ್ ಮೂರು, 16 ಇಂಚಿನವು. ಎರಡೇ ಹಾಕಿದರೆ ಮಧ್ಯೆ ಕೈಯೂರಿ ಏಳುವಾಗ ಹಲಗೆ ಬಾಗುತ್ತೆ.

ಈಗ ಬೆಳಕು. ಪಶ್ಚಿಮದ ಅರ್ಧ ಈಗ ಕತ್ತಲೆಯಾಗೇ ಇರುತ್ತೆ. ಕಿಟಕಿ ಎರಡೂ ಮುಂದಿನ 9 ಅಡಿಯೊಳಗಿವೆ, ದಕ್ಷಿಣದ್ದಕ್ಕೆ ಪಕ್ಕದ ಮನೆ ಗೋಡೆ ಅಡ್ಡ. ಹಾಲು 223 ಚದರಡಿ. ಮನೆ ಹಾಲಿಗೆ ಬೇಕಾದ 150 ಲಕ್ಸ್ (ಜಾಗಕ್ಕೆ ಬೀಳೋ ಬೆಳಕಿನ ಅಳತೆ) ನೆಲಕ್ಕೆ ಬೀಳಬೇಕಾದರೆ, ಗೋಡೆ ನುಂಗೋದನ್ನ ಸೇರಿಸಿ 5,000 ಲ್ಯೂಮೆನ್ (ದೀಪ ಕೊಡೋ ಬೆಳಕಿನ ಅಳತೆ) ಚಿಲ್ಲರೆ ಬೇಕು. 900 ಲ್ಯೂಮೆನ್ ಕೊಡೋ ಎಲ್‌ಇಡಿ ಪ್ಯಾನೆಲ್ ಆರು: ಮುಂದಿನ ಅರ್ಧಕ್ಕೆ ಎರಡು, ಹಿಂದಿನದಕ್ಕೆ ನಾಲ್ಕು. ಬೇರೆ ಬೇರೆ ಸ್ವಿಚ್. ಬೆಳಕಿನ ಬಣ್ಣ 4000 ಕೆ (ಕೆಲ್ವಿನ್). ತೀರಾ ಬಿಳಿ 6500 ಹಾಕಿದರೆ ಹಾಲು ಔಷಧಿ ಅಂಗಡಿ ಥರ ಕಾಣುತ್ತೆ. ದೀಪದ ಸಾಲು ಉತ್ತರದ ಗೋಡೆಯಿಂದ 3 ಅಡಿಗೆ ಒಂದು, 7 ಅಡಿಗೆ ಒಂದು, ಎರಡೂ ನೇರ. ಓರೆ ಗೋಡೆಯಿಂದ ಅಳೆದು ದೀಪ ಕೂರಿಸಿದರೆ ರಾತ್ರಿ ತಾರಸಿ ನೋಡಿದಾಗ ಓರೆ ಇನ್ನೂ ಎದ್ದು ಕಾಣುತ್ತೆ.

ಫಾಲ್ಸ್ ಸೀಲಿಂಗ್ ಬೇಡ ಅನ್ನೋಕೂ ಅದೇ ಕಾರಣ. ಸುತ್ತಲೂ ಪಟ್ಟಿ ಬಿಟ್ಟು ಮಧ್ಯೆ ಆಯತ ತೆಗೆದರೆ ಮೂರು ಕಡೆ ಪಟ್ಟಿ ಸಮ, ಓರೆ ಕಡೆ ಒಂದು ತುದಿ ಸಣ್ಣ ಒಂದು ತುದಿ ದಪ್ಪ. ನೆಲದಲ್ಲಿ ಮುಚ್ಚಿಟ್ಟಿದ್ದನ್ನ ಮೇಲೆ ಬರೆದು ಹಾಕಿದ ಹಾಗೆ.

ಫ್ಯಾನು ಈಗ ಮಧ್ಯಕ್ಕೆ ಒಂದೇ ಇರಬೇಕು. 22 ಅಡಿಗೆ ಒಂದು ಸಾಲಲ್ಲ. 1200 ಎಂಎಂ ಎರಡು: 6ನೇ ಅಡಿಗೆ, 15ನೇ ಅಡಿಗೆ. ರೆಕ್ಕೆ ತುದಿಯಿಂದ ಬೀರಿಗೆ ಕನಿಷ್ಠ 2 ಅಡಿ ಬಿಡಿ. ಯಾವ ದೀಪವೂ ರೆಕ್ಕೆ ತಿರುಗೋ ವೃತ್ತದ ಮೇಲೆ ಬರಬಾರದು. ಬಂದರೆ ಗೋಡೆ ಮೇಲೆಲ್ಲಾ ನೆರಳು ಮಿಣುಕಿ ತಲೆನೋವು. ದೀಪದ ಗುರುತು ಹಾಕೋ ಮುಂಚೆ ಫ್ಯಾನಿನ ಸುತ್ತ ಎರಡು ಅಡಿ ತ್ರಿಜ್ಯದ ವೃತ್ತ ಬರೆದುಕೊಳ್ಳಿ.

---

ಕೋಲಾರ_ಹೆಂಚು

ಸ್ವಲ್ಪ ಬೇರೆ ಮಾತು. ಹಿಂದಿನ ಅರ್ಧದ ಬೀರು ಒಪ್ಪಿದೆ, ಆದರೆ ಕಿಟಕಿ ಕಟ್ಟೆ ಈಗಲೇ ಮಾಡಿಸೋ ಅಗತ್ಯ ಇಲ್ಲ. ಮುಂದಿನ ಅರ್ಧ ಓರೆಯಾಗಿ ಇದ್ದರೆ ಇರಲಿ. ಬರೋ ಜನರ ಕಣ್ಣು ಬೀಳೋದು ಎದುರಿನ ಬೀರಿನ ಗೆರೆ ಮೇಲೆ. ಮುಂಬಾಗಿಲಿಂದ ನೋಡಿದಾಗ ಹಿಂದೆ ಅಗಲವಾಗ್ತಾ ಹೋಗೋದರಿಂದ ಹಾಲು ಇರೋದಕ್ಕಿಂತ ಗಿಡ್ಡ ಕಾಣುತ್ತೆ, ಹಿತವಾಗೇ ಕಾಣುತ್ತೆ. ಕಷ್ಟ ಇರೋದು ಅಡುಗೆಮನೆ ಕಡೆಯಿಂದ ನೋಡಿದಾಗ: ಕಿರಿದಾಗ್ತಾ ಹೋಗಿ ಸುರಂಗ. ಅದಕ್ಕೆ ಮದ್ದು ಬಣ್ಣ. ಪೂರ್ವದ 8 ಅಡಿ 9 ಇಂಚಿನ ಕಿರುಗೋಡೆಗೆ ಸ್ವಲ್ಪ ಗಾಢ ಬಣ್ಣ ಹೊಡೀರಿ, ಇಟ್ಟಿಗೆ ಕೆಂಪೋ ಕಾವಿಯೋ. ಆ ಗೋಡೆ ಹತ್ತಿರ ಬಂದ ಹಾಗೆ ಕಾಣುತ್ತೆ. ಇಟ್ಟಿಗೆಯೇ ಬೇಕು ಅನ್ನಿಸಿದರೆ ಅಲ್ಲಿಗೆ ಮಾತ್ರ ತೆಳು ಇಟ್ಟಿಗೆ ಬಿಲ್ಲೆ ಹಚ್ಚಬಹುದು, ಹೆಂಚು-ಇಟ್ಟಿಗೆಗೆ ಹೆಸರಾದ ನಮ್ಮ ಕೋಲಾರ ಜಿಲ್ಲೆಯ ಮಾಲೂರಿಂದ ತರಿಸಬಹುದು. ಓರೆ ಗೋಡೆಗೆ ಇಟ್ಟಿಗೆ ಹಚ್ಚಬೇಡಿ, ಇಟ್ಟಿಗೆ ಸಾಲಿನ ಗೆರೆಗಳೇ ಕಣ್ಣನ್ನ ಆ ಕಡೆ ಎಳೆಯುತ್ತೆ.

ಓರೆ ಗೋಡೆ, ಉತ್ತರದ ಗೋಡೆ, ಬೀರಿನ ಬಾಗಿಲು ಮೂರೂ ಒಂದೇ ತಿಳಿ ಬಣ್ಣ. ಬೀರಿಗೆ ಮರದ ಗೀಟಿನ ಸನ್‌ಮೈಕಾ ಹಾಕಿದರೆ ಅದು ಬೀರು. ಗೋಡೆ ಬಣ್ಣದ್ದು ಹಾಕಿದರೆ ಅದೇ ಗೋಡೆ. ಎಲ್ಲಾ ಬಾಗಿಲು ಕಿಟಕಿ ಕಳೆದರೆ ಗೋಡೆ 520 ಚದರಡಿ ಬರುತ್ತೆ, ಎರಡು ಕೋಟ್ ಬಳಿಯೋಕೆ 5 ಲೀಟರ್ ಎಮಲ್ಷನ್ ಸಾಕು. ತಾರಸಿಗೆ ಬಿಳಿ, ಮೂರು ಲೀಟರ್ ಒಳಗೆ.

ಕನ್ನಡಿ ವಿಷಯದಲ್ಲಿ ಉಳಿಬಾಚಿಯವರು ಹೇಳಿದ್ದು ಸರಿ, ಕಾರಣ ಇದು: 7 ಡಿಗ್ರಿ ಓರೆ ಗೋಡೆಗೆ ಕನ್ನಡಿ ಹಾಕಿದರೆ ಪ್ರತಿಬಿಂಬ 14 ಡಿಗ್ರಿ ತಿರುಗಿ ಕಾಣುತ್ತೆ. ಓರೆ ಎರಡರಷ್ಟಾಗುತ್ತೆ. ಬೇಕಾದರೆ ಸೋಫಾ ಮೇಲಿನ ಉತ್ತರದ ಗೋಡೆಗೆ ಹಾಕಿ.

ಕಟ್ಟೆ ಬದಲು ಸದ್ಯಕ್ಕೆ ಕಿಟಕಿಗೆ ನೆಲಮುಟ್ಟುವ ಪರದೆ. 5 ಅಡಿ ಕಿಟಕಿಗೆ ಆರೂವರೆ ಅಡಿ ರಾಡು, ಕಿಟಕಿಯಿಂದ ಅರ್ಧ ಅಡಿ ಮೇಲೆ. ನೆರಿಗೆಗೆ ರಾಡಿನ ಎರಡರಷ್ಟು ಬಟ್ಟೆ ಅಂದ್ರೆ 156 ಇಂಚು. 48 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ನಾಲ್ಕು ತುಂಡು. ಎತ್ತರ 7 ಅಡಿ, ಮೇಲೆ ಕೆಳಗೆ ಮಡಿಕೆಗೆ 1 ಅಡಿ. ಒಟ್ಟು 10 ಮೀಟರ್. ಹತ್ತಿ ಬಟ್ಟೆ ಆದರೆ ಹೊಲಿಸೋ ಮುಂಚೆ ಒಂದು ಸಲ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ನೆಲದಿಂದ ಎರಡು ಇಂಚು ಮೇಲೇರುತ್ತೆ. ಪರದೆ ನೆರಿಗೆಯ ಹಿಂದೆ ಗೋಡೆ ಓರೆಯೋ ನೇರವೋ ಗೊತ್ತಾಗಲ್ಲ.

---

ಅಳತೆಪಟ್ಟಿ

ಪರದೆ ಒಳ್ಳೇ ಮಾತು. ಕಟ್ಟೆಯನ್ನ ಮುಂದೊಂದು ದಿನ ಮಾಡಿಸಬೇಕು ಅನ್ನೋದಿದ್ದರೆ ರಾಡನ್ನ ಈಗಲೇ ಬ್ರ್ಯಾಕೆಟ್ ಹಾಕಿ ಗೋಡೆಯಿಂದ 4 ಇಂಚು ಮುಂದಕ್ಕೆ ಬಿಡಿ.

ಜಮಖಾನೆ, ಟೀಪಾಯಿ ಎಲ್ಲಾ ಟೈಲ್ಸ್ ಜಾಯಿಂಟ್ ನೋಡಿ ಹಾಕಿ. ನಿಮ್ಮ ಟೈಲ್ಸ್ ಉತ್ತರದ ಗೋಡೆ ಹಿಡಿದು ಹಾಕಿದ್ದರೆ, ಓರೆ ಗೋಡೆ ಬುಡದಲ್ಲಿ ತ್ರಿಕೋನದ ತುಂಡುಗಳಿರ್ತಾವೆ. ಪಿಲ್ಲರ್ ಆಚೆಗಿನವೆಲ್ಲಾ ಬೀರಿನಡಿ ಹೋಗುತ್ತೆ. ಬೀರು ಕೂರಿಸೋ ದಿನ ಮುಖಕ್ಕೂ ಹತ್ತಿರದ ಜಾಯಿಂಟಿಗೂ ಇರೋ ಅಂತರವನ್ನ ಎರಡೂ ತುದಿಯಲ್ಲಿ ಅಳೆದು ಸಮ ಮಾಡಿಸಿ. ಅರ್ಧ ಇಂಚು ತಪ್ಪಿದರೂ ನೆಲದ ಗೆರೆ ಚಾಡಿ ಹೇಳುತ್ತೆ. ಅದೇ ಟೈಲ್ಸ್ ಓರೆ ಗೋಡೆ ಹಿಡಿದು ಹಾಕಿದ್ದರೆ ಹೇಳಿ, ಲೆಕ್ಕ ಬದಲಾಗುತ್ತೆ. ಆಗ ಸೋಫಾದಿಂದ ಬೀರಿನವರೆಗೆ ದೊಡ್ಡ ಜಮಖಾನೆ ಹಾಸಿ ಗೆರೆ ಮುಚ್ಚಬೇಕಾಗುತ್ತೆ.

---

ಕ್ಯಾತ್ಸಂದ್ರ_ಮನೆ

ಟೈಲ್ಸ್ ಉತ್ತರದ ಗೋಡೆಗೇ ಇದೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ್ವಿ, ಗೋಡೆ ಕಡೆಯೇ ಹನಿ. ಸಂದಿಯಲ್ಲಿ ಹೊರಗಾರೆ 3 ಅಡಿ ಎತ್ತರದವರೆಗೆ ಇಲ್ಲವೇ ಇಲ್ಲ. ಗಾರೆ ಮೊದಲು ಮಾಡಿಸ್ತೀವಿ. ಅದು ಒಣಗೋ ಹೊತ್ತಿಗೆ ವೈರಿಂಗ್ ಮಾಡಿಸಬಹುದಾ? ಟಿವಿ ಹಿಂದೆ ಏನೇನು ಪಾಯಿಂಟ್ ಬೇಕು?

---

ಬೆಳಕಿಂಡಿ

ವೈರಿಂಗ್ ಗಾರೆಗಿಂತ ಮುಂಚೆ. ಗೋಡೆ ಕೆತ್ತೋದು ಹೇಗೂ ಇದೆ, ಅದೇ ಸಮಯಕ್ಕೆ ಪೈಪ್ ಹೂತುಬಿಡಿ. ಹೊಸ ಗಾರೆ ಹಾಕಿ ಮತ್ತೆ ಗಾಡಿ (ಪೈಪ್ ಕೂರಿಸೋ ಕಾಲುವೆ) ಹೊಡೆದರೆ ವಾಟರ್‌ಪ್ರೂಫ್ ಪದರಕ್ಕೇ ಸೀಳು ಬೀಳುತ್ತೆ. ಪಿಲ್ಲರ್ ಕಾಂಕ್ರೀಟನ್ನ ಮಾತ್ರ ಯಾವ ಕಾರಣಕ್ಕೂ ಕೆತ್ತಬೇಡಿ, ಒಳಗೆ ಕಂಬಿ ಇದೆ. ಅಲ್ಲಿ ಪೈಪ್ ರೀಪಿನ ಸಂದಿನಲ್ಲಿ ಪ್ಯಾನೆಲ್ ಹಿಂದೆ ಹೋಗಲಿ.

ಟಿವಿ ಹಿಂದೆ 42 ಇಂಚು ಎತ್ತರದಲ್ಲಿ 6 ಆಂಪ್ ಸಾಕೆಟ್ ಎರಡು, ಕೆಳಗಿನ ಪೆಟ್ಟಿಗೆಯೊಳಗೆ ನಾಲ್ಕು. ಯುಪಿಎಸ್ ಲೈನು ರೌಟರ್ ಸಾಕೆಟ್ಟಿಗೆ ಬರಲಿ. ಟಿವಿಯಿಂದ ಪೆಟ್ಟಿಗೆಗೆ ಕೇಬಲ್ ಇಳಿಸೋಕೆ ಒಂದೂವರೆ ಇಂಚಿನ ಪಿವಿಸಿ ಪೈಪ್, ಒಳಗೆ ದಾರ ಬಿಟ್ಟಿರಿ. ಎಲೆಕ್ಟ್ರಿಷಿಯನ್ನರು ಮುಕ್ಕಾಲು ಇಂಚಿನದು ಹಾಕಿ ಹೋಗ್ತಾರೆ, ಅದರಲ್ಲಿ ಎಚ್‌ಡಿಎಂಐ ಕೇಬಲ್ಲಿನ ತಲೆ ತೂರಲ್ಲ. ಮಡಚೋ ಟೇಬಲ್ ಮೇಲೆ 40 ಇಂಚಿಗೆ ಒಂದು ಸಾಕೆಟ್, ಮಿಕ್ಸಿಗೋ ಲ್ಯಾಪ್‌ಟಾಪಿಗೋ. ದೇವರಮನೆ ಚೌಕಟ್ಟಿನ ಹೊರಗೆ, ನೆಲದಿಂದ 1 ಅಡಿಗೆ ಇನ್ನೊಂದು. ಹಬ್ಬಕ್ಕೆ ಸೀರಿಯಲ್ ದೀಪ ಹಾಕುವಾಗ ಹಾಲಿನ ಅಡ್ಡಕ್ಕೆ ಎಕ್ಸ್‌ಟೆನ್ಷನ್ ವೈರ್ ಎಳೆಯೋದು ತಪ್ಪುತ್ತೆ.

ಗೋಡೆ ಮುಚ್ಚೋ ಮುಂಚೆ ಪ್ರತಿ ಪೈಪಿನ ಪಕ್ಕ ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಉಳಿಬಾಚಿಯವರ ಪೆಟ್ಟಿಗೆಗಳನ್ನ ಗೋಡೆಗೆ ಸ್ಕ್ರೂ ಹೊಡೆಯೋ ದಿನ ಅದು ಬೇಕಾಗುತ್ತೆ.